ಪನ್ನೀರು ಹಂಡೆಗೆ ಬಿದ್ದ ಸೀಲು

ಇದರಲ್ಲಿ ಒಂದೇ ಒಂದು ಮಾತು ಸುಳ್ಳಿದ್ದರೆ ನನ್ನ ಪನ್ನೀರು ಇನ್ನು ಮುಂದೆ ಈರುಳ್ಳಿ ನಾರಲಿ, ನನ್ನ ಗಡ್ಡ ಉದುರಿ ನನ್ನ ಕತ್ತೆಗೆ ಬೆಳೆಯಲಿ. ನಡೆದದ್ದನ್ನೇ ಹೇಳುತ್ತಿದ್ದೇನೆ. ಈ ಕೇರಿಯಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ಹಾಜಿ ಸೈಫುಲ್ಲಾನೊಬ್ಬನನ್ನು ಬಿಟ್ಟು. ಅವನು ನಿಜ ಹೇಳುವುದು ನಿದ್ದೆಯಲ್ಲಿ ಮಾತ್ರ. ಅದೂ ಗೊರಕೆಯಲ್ಲಿ ಮುಚ್ಚಿಹೋಗುತ್ತದೆ.

ನಿಮ್ಮ ಬಸ್ಸು ರಿಪೇರಿಯಾಗಲು ಇನ್ನೂ ಹೊತ್ತಿದೆ. ಸಕ್ಕರೆ ಅಚ್ಚನ್ನು ಹಲ್ಲಿನ ನಡುವೆ ಹಿಡಿದುಕೊಂಡು ಚಹಾ ಹೀರುತ್ತಾ ಕೇಳಿ.

ನಾನು ಬರಾತ್ ಅಲಿ. ಮಶ್ಹದ್ ಯಾತ್ರೆ ಮಾಡಿ ಬಂದವನೆಂದು ಎಲ್ಲರೂ ಮಶ್ದಿ ಅನ್ನುತ್ತಾರೆ. ಕಾಶಾನ್ ಮೇಲಿನ ಈ ಬೆಟ್ಟದ ಹಳ್ಳಿಯಲ್ಲಿ ಅಜ್ಜನ ಅಜ್ಜನ ಕಾಲದಿಂದಲೂ ಗುಲಾಬಿಯಿಂದ ಪನ್ನೀರು ಬಟ್ಟಿ ಇಳಿಸುವುದೇ ನಮ್ಮ ಕಸುಬು. ಹೂವಿನ ಕಾಲದಲ್ಲಿ ಇಲ್ಲಿ ವಾಸನೆ ಎಷ್ಟು ದಟ್ಟವಾಗಿರುತ್ತದೆಂದರೆ, ಮೇಲೆ ಹಾರುವ ಕಾಗೆಗಳು ಮತ್ತೇರಿ ಹಾರುತ್ತಾ ಹಾರುತ್ತಲೇ ನಿದ್ದೆ ಹೋಗಿ ಪಕ್ಕದ ಜಿಲ್ಲೆಯಲ್ಲಿ ಏಳುತ್ತವೆ. ನಾನು ಒಮ್ಮೆ ಅಲ್ಲಿಗೆ ಹೋಗಿದ್ದಾಗ ಒಂದು ಕಾಗೆ ನನ್ನ ಗುರುತು ಹಿಡಿದು ಊರಿನ ದಾರಿ ಕೇಳಿತು.

ಗುಲಾಬಿಗೆ ಒಂದು ಕೆಟ್ಟ ಗುಣವಿದೆ. ಬಿಸಿಲೇರುವ ಮುಂಚೆ ಕೀಳಬೇಕು, ಅವತ್ತೇ ಹಂಡೆಗೆ ಹಾಕಬೇಕು. ಸಂಜೆಯವರೆಗೆ ಬಿಟ್ಟರೆ ಕಂದಿ ಹುಳಿ ನಾತ ಬರುತ್ತದೆ. ಹೂವಿನ ಕಾಲ ಬರುವುದು ಒಂದೇ ಸಲ, ಕಣ್ಣು ಮಿಟುಕಿಸಿದರೆ ಹೋಯಿತು. ಆಮೇಲೆ ವರ್ಷವಿಡೀ ನಾವು ತಿನ್ನುವುದೂ ಉಡುವುದೂ ಆ ಪನ್ನೀರಿನಿಂದಲೇ.

ನನ್ನ ಅಂಗಳದಲ್ಲಿ ಅಜ್ಜನ ಕಾಲದ ತಾಮ್ರದ ಹಂಡೆಯಿದೆ. ಹಿಂದೆ ಒಬ್ಬ ವ್ಯಾಪಾರಿಯ ಒಂಟೆ ಅದರೊಳಗೆ ಇಣುಕಲು ಹೋಗಿ ಬಿತ್ತಂತೆ, ಹುಡುಕಲು ಇಳಿದ ವ್ಯಾಪಾರಿಗೂ ದಾರಿ ತಪ್ಪಿತಂತೆ. ಅಷ್ಟು ದೊಡ್ಡದು. ಹಂಡೆಯ ಕೆಳಗೆ ಬೆಂಕಿ, ಮುಚ್ಚಳದಿಂದ ಒಂದು ಕೊಳವೆ, ಕೊಳವೆಯ ತುದಿಗೆ ತಣ್ಣೀರಿನಲ್ಲಿ ಮುಳುಗಿಸಿಟ್ಟ ಕೊಡ. ಆವಿ ಆ ಕೊಡದಲ್ಲಿ ತಣ್ಣಗಾಗಿ ಪನ್ನೀರಾಗುತ್ತದೆ. ನನಗೊಂದು ಬುದ್ಧಿ ಹೊಳೆಯಿತು ನೋಡಿ: ಕೇರಿಯ ನೆಲದಡಿಯಲ್ಲಿ ಊಟೆಯ ನೀರು ಕಾಲುವೆಯಾಗಿ ಹರಿಯುತ್ತದಲ್ಲ, ಐಸಿನ ಹಾಗಿರುತ್ತದೆ, ಮಿಕ್ಕವರು ಅದು ಬಯಲಿಗೆ ಬರುವಲ್ಲಿ ಕೊಡ ಇಡುತ್ತಾರೆ, ನಾನು ನನ್ನ ಅಂಗಳದ ಅಡಿಯಲ್ಲೇ ಇಟ್ಟರೆ? ನೆಲಮಾಳಿಗೆ ತೋಡಿ ಕೊಳವೆಯನ್ನು ಕೆಳಕ್ಕಿಳಿಸಿದೆ. ಹೀಗಾಗಿ ಮೇಲಿನಿಂದ ನೋಡುವವರಿಗೆ ನನ್ನ ಮನೆಯೆಂದರೆ ಬೆಂಕಿ, ಹೊಗೆ, ಮತ್ತು ನೆಲದೊಳಕ್ಕೆ ಕದ್ದು ಹೋಗುವ ಕೊಳವೆ.

ಬೆಟ್ಟದ ಆಚೆ ಸರ್ಕಾರದವರೂ ನೆಲದಡಿ ಏನೋ ಕಟ್ಟಿಕೊಂಡಿದ್ದಾರೆ. ಏನೆಂದು ನನಗೆ ಗೊತ್ತಿಲ್ಲ, ಕೇಳಲು ನನಗೇನು ಜೀವ ಭಾರವಾಗಿದೆಯೇ? ಅದನ್ನು ನೋಡಲು ಹೊರದೇಶದ ತಪಾಸಣೆಯವರು ಬಿಳಿ ಕಾರಿನಲ್ಲಿ ಬರುತ್ತಾರೆ, ಹೋಗುತ್ತಾರೆ. ಆಕಾಶದಲ್ಲಿ ಒಂದು ಕಣ್ಣಿದೆಯಂತೆ, ಅದು ಕತ್ತೆಯ ಕಿವಿಯ ಮೇಲಿನ ನೊಣವನ್ನೂ ನೋಡುತ್ತದಂತೆ. ಹೋದ ವರ್ಷ ಹೂವಿನ ಕಾಲದಲ್ಲಿ ಆ ಕಣ್ಣಿಗೆ ನನ್ನ ಅಂಗಳ ಬಿತ್ತು.

ಮಧ್ಯಾಹ್ನದ ಹೊತ್ತು. ಅವತ್ತಿನ ಬಟ್ಟಿ ಮುಗಿಸಿ ಹಂಡೆ ತೊಳೆದಿಟ್ಟಿದ್ದೆವು. ಬಿಳಿ ಕಾರು ಬಂದು ನಮ್ಮ ಕೇರಿಯ ಎರಡು ಗೋಡೆಗಳ ನಡುವೆ ಬಿರಡೆಯ ಹಾಗೆ ಸಿಕ್ಕಿಕೊಂಡಿತು. ಒಳಗಿದ್ದವರು ಹಿಂದಿನ ಬಾಗಿಲಿನಿಂದ ತೆವಳಿ ಬಂದರು. ಮೊದಲನೆಯವರು ಮಸ್ಯೊ ಲೂಸಿಯನ್, ಫ್ರಾನ್ಸ್ ದೇಶದವರು, ಮಸ್ಯೊ ಅಂದರೆ ಅವರ ಮಾತಿನಲ್ಲಿ ಸಾಹೇಬರು ಅಂತ, ತಾಳೆಮರಕ್ಕೆ ಕೋಟು ತೊಡಿಸಿದ ಹಾಗಿದ್ದರು. ಎರಡನೆಯವರು ಆಫ್ರಿಕಾದ ದಕ್ಷಿಣದ ತುದಿಯವರು, ಖಾನಂ ನೊಮ್ಸಾ, ಹೆಂಗಸರನ್ನು ನಾವು ಮರ್ಯಾದೆಗೆ ಖಾನಂ ಅನ್ನುತ್ತೇವೆ, ದುಂಡಗಿನ ಹೆಂಗಸು, ಬಾಯಿಗಿಂತ ಮೊದಲು ಕಣ್ಣು ನಗುತ್ತಿತ್ತು. ಅವರ ಮಾತನ್ನು ನಮಗೆ, ನಮ್ಮ ಮಾತನ್ನು ಅವರಿಗೆ ತಿರುಗಿಸಿ ಹೇಳಲು ತೆಹರಾನಿನ ಇಂಜಿನಿಯರ್ ಕಾಮ್ಯಾರ್.

ಮಸ್ಯೊ ಒಂದು ಡಬ್ಬಿ ತೆಗೆದರು. ಅದು ಗೋಡೆ ಕಂಡರೆ ಚಿಟಿಚಿಟಿ, ಒಲೆ ಕಂಡರೆ ಚಿಟಿಚಿಟಿ.

"ಅದ್ರೊಳಗೆ ಮಿಡತೆ ಸಿಕ್ಕಾಕೊಂಡಿದೆ, ಪಾಪ ಬಿಟ್ಬಿಡಿ ಸಾಹೇಬ್ರೆ," ಎಂದೆ.

ಕಾಮ್ಯಾರ್ ಅದನ್ನು ತಿರುಗಿಸಿ ಹೇಳಲಿಲ್ಲ.

ಆಮೇಲೆ ಖಾನಂ ನೊಮ್ಸಾ ಕೈಗವಸು ಹಾಕಿಕೊಂಡು, ಮಲ್ಲಿಗೆಯಂಥ ಬಿಳಿಯ ಬಟ್ಟೆಯ ಚೂರು ತೆಗೆದು ನಮ್ಮ ಹಂಡೆಯನ್ನು ಒರೆಸಿದರು. ಒರೆಸಿದ ಬಟ್ಟೆಯನ್ನು ಚೀಲಕ್ಕೆ ಹಾಕಿದರು. ಇನ್ನೊಂದು ಚೂರು ತೆಗೆದು ಮುಚ್ಚಳ ಒರೆಸಿದರು. ನನ್ನ ಹೆಂಡತಿ ಗೋಲಂದಾಂ ಸೊಂಟಕ್ಕೆ ಕೈ ಕೊಟ್ಟು ನೋಡುತ್ತಿದ್ದಳು. ಅವಳ ಮೂಗಿನ ಹೊಳ್ಳೆ ಅರಳಿತು.

"ಏನ್ರೀ ಇಂಜಿನಿಯರ್, ಈಯಮ್ಮ ಏನ್ ನೋಡ್ತಿದಾಳೆ? ನನ್ನ ಹಂಡೆ ಕೊಳಕು ಅಂತಾನಾ?"

"ಇಲ್ಲ ಖಾನಂ, ಅದು ಅವರ ಕೆಲಸದ ಪದ್ಧತಿ. ಬಟ್ಟೇಲಿ ಧೂಳು ತಗೊಂಡು ಪರೀಕ್ಷೆ ಮಾಡ್ತಾರೆ."

"ಧೂಳಾ? ನನ್ನ ಮನೇಲಿ ಧೂಳು ಹುಡುಕೋಕೆ ಸಮುದ್ರ ದಾಟಿ ಬಂದ್ಳಾ? ನನ್ನತ್ತೆ ಹೆಣ್ಣು ನೋಡೋಕೆ ಬಂದಾಗ್ಲೂ ಹಿಂಗೆ ಒರೆಸಿ ನೋಡ್ಲಿಲ್ಲ!"

ಹೇಳಿದವಳೇ ತಲೆಯ ಮೇಲೆ ಚಾದರ ಎಳೆದುಕೊಂಡು, ಅವಮಾನವಾಯಿತೆಂದು ದಡದಡ ನಡೆದು ತಂಗಿಯ ಮನೆಗೆ ಹೋದಳು. ಅವಳು ಹೋಗದೇ ಇದ್ದಿದ್ದರೆ ಈ ಕತೆಯೇ ಇಲ್ಲ.

ನಾನು ಅತಿಥಿಗಳನ್ನು ಜಮಖಾನದ ಮೇಲೆ ಕೂರಿಸಿ ಚಹಾ ಕೊಟ್ಟೆ. ಮಾತು ಬೇಕಲ್ಲ, ಕೇಳಿದೆ: "ನೀವು ಹುಡುಕ್ತಿರೋ ಆ ಸಾಮಾನು, ಆ ದೊಡ್ಡ ಬಾಂಬು, ನಿಮ್ಮ ದೇಶದಲ್ಲಿ ಇದ್ಯಾ ಮಸ್ಯೊ?"

"ಇದೆ," ಎಂದರು ಲೂಸಿಯನ್, ಬಿಸ್ಕತ್ತು ಮುರಿಯುತ್ತಾ.

"ಒಂದಾ ಎರಡಾ?"

"ಒಂದೆರಡಲ್ಲ."

"ಮತ್ತೆ ಅದನ್ನ ಒರೆಸೋಕೆ ಯಾರು ಬರ್ತಾರೆ?"

ಕಾಮ್ಯಾರ್ ಕೆಮ್ಮಿದ. ಆದರೂ ತಿರುಗಿಸಿ ಹೇಳಿದ. ಮಸ್ಯೊ ಬೇಸರ ಮಾಡಿಕೊಳ್ಳದೆ ವಿವರಿಸಿದರು: "ಅದಕ್ಕೆ ಯಾರೂ ಬರೋದಿಲ್ಲ. ಒಂದು ಕಟ್ಟಳೆ ಇದೆ. ಇಂಥ ವರ್ಷಕ್ಕೆ ಮುಂಚೆ ಯಾರು ಬಾಂಬು ಸಿಡಿಸಿ ತೋರಿಸಿದ್ರೋ ಅವ್ರು ಇಟ್ಕೋಬಹುದು. ಮಿಕ್ಕೋರು ನಾವು ಮಾಡಲ್ಲ ಅಂತ ಸಹಿ ಹಾಕಿದ್ದಾರೆ. ನಿಮ್ಮ ದೇಶಾನೂ ಹಾಕಿದೆ."

"ಅಂದ್ರೆ ಮೊದಲು ಕದ್ದೋನು ಸಾಹುಕಾರ, ಆಮೇಲೆ ಕದ್ದೋನು ಕಳ್ಳ?"

"ಹಾಗಲ್ಲ ಮಶ್ದಿ. ಎಲ್ಲರ ಕೈಗೂ ಸಿಕ್ಕಿದ್ರೆ ಲೋಕ ಉಳಿಯುತ್ತಾ? ಎಲ್ಲೋ ಒಂದು ಕಡೆ ಗೆರೆ ಎಳೀಬೇಕಲ್ಲ. ಇರೋರು ಕ್ರಮೇಣ ಕಡಿಮೆ ಮಾಡ್ತೀವಿ ಅಂತಾನೂ ಬರೆದಿದೆ."

"ಕ್ರಮೇಣ ಅಂದ್ರೆ?"

"ಕ್ರಮೇಣ ಅಂದ್ರೆ ಕ್ರಮೇಣ."

ನನಗೆ ಅರ್ಧ ಸರಿ ಅನ್ನಿಸಿತು, ಅರ್ಧ ತಪ್ಪು ಅನ್ನಿಸಿತು. ಯಾವ ಅರ್ಧ ಯಾವುದು ಅಂತ ಗೊತ್ತಾಗಲಿಲ್ಲ. ಖಾನಂ ನೊಮ್ಸಾ ಕಡೆ ತಿರುಗಿದೆ. "ನಿಮ್ಮ ದೇಶದಲ್ಲಿ?"

"ನಮ್ಮಲ್ಲಿತ್ತು," ಎಂದರು ಆಕೆ. "ನಾವೇ ಒಡೆದು ಹಾಕಿದ್ವಿ."

ನಾನು ಚಹಾದ ಲೋಟ ಕೆಳಗಿಟ್ಟೆ. ಅಂಥ ಸಾಮಾನು ಮಾಡಿ ಒಡೆದು ಹಾಕುವವರನ್ನು ನಾನು ಕೇಳಿಯೇ ಇರಲಿಲ್ಲ. "ಯಾರಾದ್ರೂ ಹೊಡೆದು ಒಡೆಸಿದ್ರಾ?"

"ಇಲ್ಲ. ಆಗ ಆಳ್ತಿದ್ದೋರು ಬಿಳಿಯರು. ಅಧಿಕಾರ ನಮ್ಮಂಥ ಕರಿಯರ ಕೈಗೆ ಬರೋ ಕಾಲ ಹತ್ರ ಬಂತು. ಅಷ್ಟರಲ್ಲಿ ಅವ್ರೇ ಒಡೆದ್ರು."

"ಲೋಕದ ಒಳ್ಳೇದಕ್ಕೆ ಒಡೆದ್ರಾ, ನಿಮ್ಮ ಕೈಗೆ ಸಿಗಬಾರ್ದು ಅಂತ ಒಡೆದ್ರಾ?"

ಖಾನಂ ನೊಮ್ಸಾ ನಕ್ಕರು. ಆ ನಗು ಎಲ್ಲೋ ಅರ್ಧದಲ್ಲಿ ನಿಂತಿತು. "ಒಡೆದದ್ದು ಒಳ್ಳೇದಾಯ್ತು ಅಂತ್ಲೇ ನಾನು ಈ ಕೆಲಸಕ್ಕೆ ಸೇರಿದ್ದು. ಆದ್ರೆ ನೀವು ಕೇಳಿದ್ದನ್ನ ನನ್ನಮ್ಮಾನೂ ಕೇಳ್ತಾಳೆ. ಅವಳಿಗೆ ಏನು ಹೇಳ್ಬೇಕು ಅಂತ ನಂಗಿನ್ನೂ ಗೊತ್ತಾಗಿಲ್ಲ."

ಆಮೇಲೆ ಇಬ್ಬರೂ ಎದ್ದರು. ಇಲ್ಲಿ ಪನ್ನೀರು ಬಿಟ್ಟು ಏನೂ ಇಲ್ಲ, ತೊಂದರೆ ಕೊಟ್ಟೆವು, ಹೊರಡುತ್ತೇವೆ ಎಂದರು. ಹೊರಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ನಮ್ಮಲ್ಲಿ ಉಪಚಾರ ಎಂಬುದೊಂದಿದೆ. ಟ್ಯಾಕ್ಸಿಯವನು ಬಾಡಿಗೆ ಬೇಡ ಅನ್ನಬೇಕು, ನಾವು ಬಲವಂತವಾಗಿ ಕೊಡಬೇಕು. ಅತಿಥಿ ಮೆಚ್ಚಿದ ಜಮಖಾನವನ್ನು ಇದು ನಿಮ್ಮದೇ ಅನ್ನಬೇಕು, ಅವರು ಅಯ್ಯೋ ಬೇಡ ಅನ್ನಬೇಕು, ನಾವು ಮತ್ತೆ ಬಲವಂತ ಮಾಡಬೇಕು, ಅವರು ಮತ್ತೆ ಬೇಡ ಅನ್ನಬೇಕು. ಜಮಖಾನ ಇದ್ದಲ್ಲೇ ಇರುತ್ತದೆ, ಇಬ್ಬರ ಮಾನವೂ ಉಳಿಯುತ್ತದೆ. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ವಿಷಯ.

ಅಷ್ಟು ದೂರದಿಂದ ಬಂದವರು ಊಟವನ್ನೂ ಮಾಡದೆ ಬರಿಗೈಯಲ್ಲಿ ಹೋಗುವುದನ್ನು ನೋಡಿ ನನಗೆ ಸುಮ್ಮನಿರಲಾಗಲಿಲ್ಲ. ಮಸ್ಯೊ ಚೀಲದಿಂದ ಸೀಲುಗಳು ಇಣುಕುತ್ತಿದ್ದವು, ತೆಳ್ಳಗಿನ ತಂತಿ, ತುದಿಗೆ ಒಂದು ಬಿಲ್ಲೆ, ಅವರು ಕಟ್ಟಿದ್ದನ್ನು ಅವರೇ ಬಿಚ್ಚಬೇಕು. ನಾನು ಎದೆಯ ಮೇಲೆ ಕೈಯಿಟ್ಟು ಹೇಳಿದೆ:

"ಹಿಂಗೇ ಹೋಗ್ತೀರಾ ಮಸ್ಯೊ? ಇದು ನಿಮ್ಮದೇ ಮನೆ, ನಿಮ್ಮದೇ ಹಂಡೆ. ಒಂದು ಸೀಲಾದ್ರೂ ಹಾಕಿ ಹೋಗಿ. ಬರಾತ್ ಅಲಿ ಅತಿಥಿಗಳನ್ನ ಬರಿಗೈಲಿ ಕಳಿಸ್ದ ಅಂತ ನಾಳೆ ಜನ ಆಡ್ಕೋಬಾರ್ದು."

ಮಸ್ಯೊ ಅಯ್ಯೋ ಬೇಡ ಅನ್ನುತ್ತಾರೆಂದು ಕಾದೆ. ಕಾಮ್ಯಾರ್ ತಿರುಗಿಸಿ ಹೇಳಿದ. ಮಸ್ಯೊ ಮುಖ ದೀಪದ ಹಾಗೆ ಹೊತ್ತಿಕೊಂಡಿತು. "ನಿಜವಾಗ್ಲೂ? ಇಷ್ಟು ವರ್ಷದ ಸರ್ವೀಸಲ್ಲಿ ತಾನಾಗೇ ಕೇಳಿದೋರು ನೀವೊಬ್ರೇ!" ಎಂದವರೇ ಮುಚ್ಚಳಕ್ಕೆ ತಂತಿ ಸುತ್ತಿ ಕಟಕ್ ಎನಿಸಿದರು.

ಅಯ್ಯೋ, ನಿಜವಾಗಿಯೂ ಹಾಕಿಬಿಟ್ಟರು. ಆದರೆ ಉಪಚಾರವನ್ನು ಅರ್ಧಕ್ಕೆ ನಿಲ್ಲಿಸುವುದು ಹೇಗೆ? ಮೊದಲ ಸಲಕ್ಕೆ ಒಪ್ಪಿಕೊಂಡ ಅತಿಥಿಗೆ ಏನು ಹೇಳಬೇಕೆಂದು ನಮಗೆ ಯಾರೂ ಕಲಿಸಿಲ್ಲ. ಇನ್ನೂ ಬಲವಂತ ಮಾಡಿದರೆ ನಾಚಿಕೊಂಡು ತೆಗೆದಾರು ಅಂದುಕೊಂಡೆ. "ಒಂದೇನಾ? ಕೊಳವೆ ಏನ್ ಪಾಪ ಮಾಡಿತ್ತು?" ಎಂದೆ. ಕೊಳವೆಗೂ ಕಟಕ್. "ಕೆಳಗಿನ ಕೊಡಾನೂ ನಿಮ್ಮದೇ ಅಲ್ವಾ!" ಕೊಡಕ್ಕೂ ಕಟಕ್. ನೆಲಮಾಳಿಗೆಯ ಬಾಗಿಲಿಗೂ ಕಟಕ್. ನನ್ನ ಬೆನ್ನಲ್ಲಿ ಬೆವರು ಊಟೆಯ ಹಾಗೆ ಹರಿಯುತ್ತಿತ್ತು, ಬಾಯಿ ಮಾತ್ರ ನಿಲ್ಲಲಿಲ್ಲ. ಕೊನೆಗೆ ಚಹಾದ ನೀರು ಕಾಯಿಸುವ ಸಮೋವರಿನ ಮೇಲೂ ಒಂದು ಬಿಲ್ಲೆ ಬಿದ್ದ ಮೇಲೆ ಖಾನಂ ನೊಮ್ಸಾ ನನ್ನ ಮುಖ ನೋಡಿ, "ಇವರಿಗೆ ನಿಜವಾಗಿ ಇದು ಬೇಕಾ?" ಎಂದು ಕೇಳಿದರು.

"ನನ್ನ ತಲೆ ಮೇಲೆ, ನನ್ನ ಕಣ್ಣ ಮೇಲೆ!" ಎಂದೆ ನಾನು, ಅಂದರೆ ಮಹಾ ಸಂತೋಷ ಅಂತ. ಇನ್ನೇನು ಹೇಳಲಿ?

ಕಾರನ್ನು ಕೇರಿಯವರೆಲ್ಲ ಹಿಂದಕ್ಕೆ ದಬ್ಬುವಾಗ ಕಾಮ್ಯಾರನ ತೋಳು ಹಿಡಿದುಕೊಂಡೆ. "ಇಂಜಿನಿಯರ್, ಇದನ್ನ ತೆಗೆಯೋದು ಯಾವಾಗ?"

"ಅವರ ದೊಡ್ಡ ಆಫೀಸಿಂದ ಕಾಗದ ಬರ್ಬೇಕು ಮಶ್ದಿ. ಬೇಗ ಆದ್ರೆ ಚಳಿಗಾಲಕ್ಕೆ."

"ನಾನೇ ಕಿತ್ತು ಹಾಕಿದ್ರೆ?"

"ನಿಮ್ಮ ಹೆಸರನ್ನ ದೊಡ್ಡ ಸಭೇಲಿ ಓದ್ತಾರೆ. ಎಲ್ಲಾ ದೇಶದೋರೂ ತಲೆ ಅಲ್ಲಾಡಿಸ್ತಾರೆ. ನಮ್ಮ ಸರ್ಕಾರದೋರು ತಲೆ ಅಲ್ಲಾಡಿಸೋಲ್ಲ, ಮನೆಗೇ ಬರ್ತಾರೆ." ಆಮೇಲೆ ದನಿ ತಗ್ಗಿಸಿ ಕೇಳಿದ, "ನೀವು ಉಪಚಾರಕ್ಕೆ ಹೇಳಿದ್ರಾ? ನಂಗೆ ಅನುಮಾನ ಬಂತು. ಆದ್ರೆ ಮಸ್ಯೊ ಮುಂದೆ ನಿಮ್ಮ ಮಾತು ಸುಳ್ಳು ಅಂತ ಹೆಂಗೆ ಹೇಳ್ಲಿ? ನಿಮಗೆ ಅವಮಾನ ಅಲ್ವಾ?"

ಗೋಲಂದಾಂ ವಾಪಸು ಬಂದಳು. ಸಮೋವರ್ ನೋಡಿದಳು. ಹಂಡೆ ನೋಡಿದಳು. ನನ್ನನ್ನು ನೋಡಿದಳು. ಅವಳು ಆಮೇಲೆ ಆಡಿದ ಮಾತಿಗೆ ಮನೆಯ ಮುಂದಿನ ಮಲ್ಬೆರಿ ಮರದ ಒಂದು ಪಕ್ಕ ಇವತ್ತಿಗೂ ಎಲೆ ಬಿಟ್ಟಿಲ್ಲ, ಹೋಗುವಾಗ ನೋಡಿಕೊಂಡು ಹೋಗಿ.

"ಆ ಸೀಲನ್ನ ನಿನ್ನ ಬಾಯಿಗೆ ಹಾಕಿಸ್ಕೊಂಡಿದ್ರೆ ಈ ಮನೆ ಉದ್ಧಾರ ಆಗ್ತಿತ್ತು, ಮಶ್ದಿ! ನಾಳೆ ತೋಟ ಬಿರಿಯೋ ದಿನ. ಗುಲಾಬಿ ನಿನ್ನ ಮಸ್ಯೊ ಕಾಗದಕ್ಕೆ ಕಾಯುತ್ತಾ?"

ಕಾಯಲಿಲ್ಲ. ಮರುದಿನ ಬೆಳಗಾಗುವ ಹೊತ್ತಿಗೆ ತೋಟ ಪೂರ್ತಿ ಬಿರಿದು ನಿಂತಿತ್ತು, ಆ ವರ್ಷದ ದೊಡ್ಡ ಸುಗ್ಗಿ. ಗಿಡದಲ್ಲಿ ಬಿಟ್ಟರೂ ಹೋಯಿತು, ಕಿತ್ತರೂ ಹೋಯಿತು. ಗೋಲಂದಾಂ ಕಿತ್ತಳು, ಚೀಲ ಚೀಲ ತಂದು ನನ್ನ ಮುಂದೆ ಅಂಗಳದಲ್ಲಿ ಸುರಿದಳು. ಗುಡ್ಡೆ ನನ್ನ ಎದೆ ಮಟ್ಟಕ್ಕೆ ಬಂತು. ಬಿಸಿಲು ಗೋಡೆಯಿಂದ ಇಳಿಯುತ್ತಿತ್ತು.

"ಈಗ?" ಎಂದಳು.

ಕೇರಿಯಲ್ಲಿ ಬಟ್ಟಿ ಇಳಿಸುವ ಮನೆ ನನ್ನದೂ ಸೇರಿ ಐದು. ಮಿಕ್ಕ ನಾಲ್ಕೂ ಮನೆಯ ಹಂಡೆಗಳಲ್ಲಿ ಅವರವರ ಹೂವೇ ತುಂಬಿ ತುಳುಕುತ್ತಿತ್ತು. ಕೇರಿಯಲ್ಲಿ ಖಾಲಿ ಇದ್ದದ್ದು ಒಂದೇ ಹಂಡೆ, ನೊಸ್ರತ್ ಖಾನಂಳದು. ಗಂಡ ಸತ್ತ ಮೇಲೆ ಸಣ್ಣ ತೋಟ ನೋಡಿಕೊಂಡು ಕೋಳಿ ಸಾಕಿಕೊಂಡಿರುವ ಹೆಂಗಸು. ಆ ಹಂಡೆ ಅವಳ ಕೋಳಿಗೂಡಿನ ಕೆಳಗೆ ಬೋರಲು ಬಿದ್ದಿತ್ತು. ಯಾಕೆ ಬೋರಲು ಬಿತ್ತು ಅಂದರೆ, ನಾವೇ ಬೋರಲು ಹಾಕಿಸಿದ್ದು.

ವಿಷಯ ಇಷ್ಟೇ. ಊಟೆಯ ನೀರು ಐದು ಒಲೆಯ ಕೊಡಗಳನ್ನು ತಣ್ಣಗೆ ಇಡುತ್ತದೆ. ಆರನೆಯದು ಸೇರಿದರೆ ನೀರು ಬಿಸಿಯಾಗಿ ಕಾಲುವೆಯ ಕೆಳಗಿನ ಮನೆಯವರ ಪನ್ನೀರು ಬರೀ ಹೊಗೆ ವಾಸನೆ ಹೊಡೆಯುತ್ತದೆ. ಅದಕ್ಕೇ ನಮ್ಮ ಅಪ್ಪಂದಿರು ಮಾಡಿದ ನಿಯಮ: ದೊಡ್ಡ ಹಿಮ ಬಿದ್ದ ವರ್ಷಕ್ಕೆ ಮುಂಚೆ ಒಲೆ ಹಚ್ಚಿದವರು ಹಚ್ಚಬಹುದು, ಆಮೇಲಿನವರು ಹಚ್ಚುವಂತಿಲ್ಲ. ನೊಸ್ರತ್ ಹಂಡೆ ಕೊಂಡು ತಂದಾಗ ನಾವು ಐದೂ ಜನ ಹೋಗಿ ಮರ್ಯಾದೆಯಾಗಿ ಹೇಳಿದೆವು. ನಿನ್ನ ಹೂವನ್ನು ನಮ್ಮ ಹಂಡೆಗಳಲ್ಲೇ ಬೇಯಿಸಿಕೊಡುತ್ತೇವೆ ಎಂದೆವು. ನಮ್ಮ ಒಲೆಗಳನ್ನೂ ಕಡಿಮೆ ಮಾಡಿಕೊಳ್ಳುತ್ತೇವೆ ಎಂದೆವು. ಯಾವಾಗ ಎಂದಳು. ಕ್ರಮೇಣ ಎಂದೆವು. ಪಾಪ, ಒಪ್ಪಿದಳು. ಅವಳು ಕದ್ದು ಹಚ್ಚುತ್ತಿಲ್ಲವೆಂದು ನೋಡಿಕೊಳ್ಳುವ ಕೆಲಸ ನನಗೆ ಬಿತ್ತು. ಪ್ರತಿ ಸಂತೆಯ ದಿನ ಹೋಗಿ ಕೋಳಿಗಳನ್ನು ಶೂ ಶೂ ಅಂತ ಓಡಿಸಿ, ಹಂಡೆಯ ತಳಕ್ಕೆ ಬೆರಳು ಒರೆಸಿ ಮಸಿ ಇದೆಯೇ ಅಂತ ನೋಡಿ ಬರುತ್ತಿದ್ದೆ.

ಅವತ್ತು ಅವಳ ಮನೆಗೆ ಹೋಗುವಾಗ ದಾರಿಯಲ್ಲಿ ಆ ಬೆರಳನ್ನು ನೋಡಿಕೊಂಡೆ. ಯಾಕೋ ಖಾನಂ ನೊಮ್ಸಾ ಬಟ್ಟೆಯ ಚೂರು ನೆನಪಿಗೆ ಬಂತು. ಇದು ಬೇರೆ, ಅದು ಬೇರೆ ಅಂದುಕೊಂಡೆ. ಹೇಗೆ ಬೇರೆ ಅಂತ ಕೇಳಿಕೊಂಡೆ. ಉತ್ತರ ಹೊಳೆಯುವಷ್ಟರಲ್ಲಿ ಅವಳ ಬಾಗಿಲು ಬಂದುಬಿಟ್ಟಿತು.

"ಬನ್ನಿ ಮಶ್ದಿ," ಎಂದಳು ನೊಸ್ರತ್, ಕೋಳಿಗೆ ಕಾಳು ಹಾಕುತ್ತಾ. "ಇವತ್ತು ಸಂತೆ ಅಲ್ವಲ್ಲ? ಬೆರಳು ಒರೆಸೋ ದಿನ ಬದಲಾಯ್ತಾ?"

ನಾನು ಸೀಲಿನ ಕತೆಯೆಲ್ಲ ಹೇಳಿದೆ. ಸಮೋವರಿನ ವಿಷಯ ಬಂದಾಗ ಅವಳು ಚಾದರದ ಅಂಚಿನಲ್ಲಿ ಮುಖ ಮುಚ್ಚಿಕೊಂಡಳು, ಭುಜ ಕುಣಿಯುತ್ತಿತ್ತು.

"ನಗು, ನಗು. ನನ್ನ ಹೂವು ಅಂಗಳದಲ್ಲಿ ಸಾಯ್ತಾ ಇದೆ. ನಿನ್ನ ಹಂಡೆ ಬೇಕು ತಾಯಿ."

"ಅಯ್ಯೋ, ಹಂಡೆ ಏನ್ ದೊಡ್ಡದು, ನನ್ನ ಪ್ರಾಣಾನೂ ನಿಮ್ಮದೇ. ತಗೊಂಡ್ಹೋಗಿ."

ಇದು ಉಪಚಾರ. ನಾನು ಮಸ್ಯೊ ಅಲ್ಲವಲ್ಲ, ನನಗೆ ಗೊತ್ತಾಗುತ್ತದೆ. "ಬೇಡ ಬೇಡ," ಎಂದೆ. "ತಗೊಳ್ಳಿ," ಎಂದಳು. "ಹೆಂಗೆ ತಗೊಳ್ಲಿ," ಎಂದೆ. ಬಿಸಿಲು ಏರುತ್ತಿತ್ತು. ಜನ್ಮದಲ್ಲಿ ಮೊದಲ ಸಲ ನನಗೆ ಉಪಚಾರ ಉದ್ದವಾಯಿತು ಅನ್ನಿಸಿತು.

"ಉಪಚಾರ ಸಾಕು ನೊಸ್ರತ್. ಕೊಡ್ತೀಯೋ ಇಲ್ವೋ?"

ಅವಳು ಕಾಳಿನ ತಟ್ಟೆ ಕೆಳಗಿಟ್ಟಳು. "ಹಂಡೆ ಬೆಂಕಿ ಮೇಲೆ ಇಡೋ ಹಂಗಿಲ್ಲ ಅಂತ ಹೇಳಿದ್ದು ನೀವೇ."

"ಇವತ್ತೊಂದು ದಿನ. ಹಂಡೆ ನಿಂದು, ಒಲೆ ನಂದು ಅನ್ಕೊಳ್ಳೋಣ. ನನ್ನ ಹೆಸರಲ್ಲಿ ಹಚ್ಚೋಣ."

"ಓಹೋ. ಅದೇ ಹಂಡೆ, ಅದೇ ನೀರು. ನೀವು ಹಚ್ಚಿದ್ರೆ ಸರಿ. ಹಂಗಾದ್ರೆ ತಪ್ಪು ಹಂಡೇದಲ್ಲ, ನಂದು."

"ಹಂಗಲ್ಲಮ್ಮ. ನೀರು ಕಡಿಮೆ ಇರೋದು ಸುಳ್ಳಾ? ಎಲ್ರೂ ಹಚ್ಚಿದ್ರೆ ಕೇರಿ ಉಳಿಯುತ್ತಾ? ಎಲ್ಲೋ ಒಂದು ಕಡೆ ಗೆರೆ ಎಳೀಬೇಕಲ್ಲ."

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ನನ್ನ ನಾಲಿಗೆಯನ್ನೇ ಮುಟ್ಟಿ ನೋಡಿಕೊಂಡೆ. ಅಲ್ಲಿ ಮಸ್ಯೊ ಲೂಸಿಯನ್ ಬಂದು ಕೂತಿದ್ದಾರೇನೋ ಅಂತ.

"ನೀರು ಕಡಿಮೆ ಇರೋದು ನಿಜ," ಎಂದಳು ನೊಸ್ರತ್. "ನಾನ್ ಇಲ್ಲ ಅಂದ್ನಾ? ಅದಕ್ಕೇ ಒಪ್ಪಿ ಬೋರಲು ಹಾಕ್ಕೊಂಡಿದ್ದು. ಆದ್ರೆ ಕಡಿಮೆ ಅಂದ್ರೆ ಎಲ್ರಿಗೂ ಕಡಿಮೆ ಆಗ್ಬೇಕಲ್ವಾ ಮಶ್ದಿ? ನನ್ನೊಬ್ಬಳಿಗೇ ಯಾಕೆ ಕಡಿಮೆ? ನನ್ನ ಹೂವು ಬೇಯಿಸಿಕೊಡ್ತೀವಿ ಅಂದ್ರಿ. ನಿಮ್ಮ ಹೂವೆಲ್ಲ ಮುಗಿದ ಮೇಲೆ ನನ್ನ ಸರದಿ. ಅಷ್ಟೊತ್ತಿಗೆ ನನ್ನ ಹೂವಿನ ಬಣ್ಣ ನೋಡಿದೀರಾ?"

ನೋಡಿದ್ದೆ.

ಅವಳ ಷರತ್ತು ಇದು: ಬೆಂಕಿ ಅವಳೇ ಹಚ್ಚುತ್ತಾಳೆ, ಅವಳ ಹೆಸರಿನಲ್ಲೇ. 'ನೊಸ್ರತ್‌ಗೆ ಒಲೆ ಹಚ್ಚೋ ಹಕ್ಕಿದೆ' ಅಂತ ನಾನು ಊಟೆಯ ಹತ್ತಿರ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ನಾನು ಗುಡ್ಡೆಯ ಗುಲಾಬಿ ನೆನೆಸಿಕೊಂಡು ಹೂಂ ಎಂದೆ. ಆ ಗುಡ್ಡೆ ಇಲ್ಲದಿದ್ದರೆ ಹೂಂ ಅನ್ನುತ್ತಿದ್ದೆನೇ? ಗೊತ್ತಿಲ್ಲ, ಅದನ್ನು ಕೇಳಬೇಡಿ.

ಹಂಡೆ ಎತ್ತಿ ಒಲೆಯ ಮೇಲಿಟ್ಟೆವು. ನಾನೂ ಗೋಲಂದಾಂಳೂ ಹೂ ಹೊತ್ತು ತಂದೆವು. ಹೊಗೆ ಮೇಲೇರಿದ್ದೇ ತಡ, ಹಾಜಿ ಸೈಫುಲ್ಲಾ ಕೇರಿಯ ಆ ತುದಿಯಿಂದ ಓಡಿ ಬಂದ. ಐದು ಮನೆಯವರಲ್ಲಿ ಅವನದೇ ದೊಡ್ಡ ಬಾಯಿ. ಅವನು ಕೂಗಿದರೆ ಬೆಟ್ಟದ ಆಚೆಯ ಕುರಿಗಳು ಮೇಯುವುದು ಬಿಟ್ಟು ಸಾಲಾಗಿ ನಿಲ್ಲುತ್ತವೆ.

"ಯಾರದು ಹೊಗೆ? ಯಾರು ಹಚ್ಚಿದ್ದು? ಮಶ್ದಿ, ನೋಡ್ಕೊಳ್ಳೋ ಕೆಲಸ ನಿಂದಲ್ವಾ? ನೀನೇ ಸೌದೆ ಒಡೀತಿದೀಯಲ್ಲೋ!"

"ನೊಸ್ರತ್ ಹಚ್ಚಿದ್ದು ಹಾಜಿ. ಅವಳಿಗೂ ಹಕ್ಕಿದೆ," ಎಂದೆ. ಊಟೆಯ ಹತ್ತಿರ ಹೋಗುವ ಕೆಲಸ ತಪ್ಪಿತು, ಅವನ ಹಿಂದೆ ಊರೇ ಬಂದಿತ್ತು.

"ತಲೆ ಕೆಟ್ಟಿದ್ಯಾ? ಇವತ್ತು ಇವಳು, ನಾಳೆ ಮೇಲಿನ ಕೇರಿಯೋರು! ಕಾಲುವೆ ಕೊನೇಲಿರೋದು ನನ್ನ ಮನೆ. ನನ್ನ ಕೊಡ ಕುದಿಯುತ್ತೆ!"

"ಕೈ ಹಾಕಿ ನೋಡು ಹಾಜಿ. ನನ್ನ ಒಲೆಗೆ ಸೀಲು ಬಿದ್ದಿದೆ. ನಿಮ್ಮ ನಾಲ್ಕು, ಇವಳದೊಂದು. ಲೆಕ್ಕ ಐದೇ."

ಹಾಜಿ ಕಾಲುವೆಗೆ ಕೈ ಹಾಕಿದ. ಐಸಿನ ಹಾಗಿತ್ತು. ಅವನ ಕೈ ಕೆಂಪಾಯಿತು. ಆಮೇಲೆ ಮುಖ ಕೆಂಪಾಯಿತು. "ನೀರು ತಣ್ಣಗಿದ್ರೆ ಏನಾಯ್ತು? ಲೆಕ್ಕ ಮುಖ್ಯ ಅಲ್ಲ. ಅವಳು ಹಚ್ಚೋ ಹಂಗಿಲ್ಲ ಅಂದ್ರೆ ಹಂಗಿಲ್ಲ!"

"ಯಾಕೆ?"

"ಯಾಕಂದ್ರೆ... ಯಾಕಂದ್ರೆ ಹಂಗಿಲ್ಲ!"

ನೊಸ್ರತ್ ಅವನಿಗೂ ಚಹಾ ಕೊಟ್ಟಳು. ಕುಡಿದ. ಕುಡಿಯುತ್ತಲೂ ಬೈಯುತ್ತಿದ್ದ. ಅಷ್ಟರಲ್ಲಿ ಕೊಳವೆಯ ಕೊನೆಯಿಂದ ಮೊದಲ ಹನಿ ಬಿತ್ತು, ಮೇಲೆ ಹಾರುತ್ತಿದ್ದ ಎರಡು ಕಾಗೆ ಅಲ್ಲೇ ತೂಕಡಿಸಿದವು. ಗುಡ್ಡೆಯಲ್ಲಿ ಮುಕ್ಕಾಲು ಪಾಲು ಪನ್ನೀರಾಯಿತು. ಮಿಕ್ಕದ್ದು ಕಂದಿತು, ಕೋಳಿಗಳೂ ಮೂಸಲಿಲ್ಲ. ಆ ಹೂವಿನ ಕಾಲ ಮುಗಿಯುವವರೆಗೂ ಹಾಗೇ ನಡೆಯಿತು: ಬೆಳಿಗ್ಗೆ ಅವಳ ಹೂವು, ಆಮೇಲೆ ನನ್ನದು. ನನ್ನ ಸರದಿ ಬರುವ ಹೊತ್ತಿಗೆ ನನ್ನ ಹೂವಿನ ಬಣ್ಣ ಹೇಗಿರುತ್ತಿತ್ತು ಅಂತ ನಾನು ಹೇಳುವುದಿಲ್ಲ.

ಇದು ಹೋದ ವರ್ಷದ ಮಾತು. ಈಗ ಬಂದದ್ದು ನಿಜವಾದ ಫಜೀತಿ. ಚಳಿಗಾಲಕ್ಕೆ ಬರಬೇಕಾದ ಕಾಗದ ಮೊನ್ನೆ ಬಂತು. ನಾಳೆ ಬಿಳಿ ಕಾರು ಬಂದು ಸೀಲು ತೆಗೆಯುತ್ತದಂತೆ. ತೋಟದಲ್ಲಿ ಮೊಗ್ಗು ನಿಂತಿದೆ. ನಾನು ಒಲೆ ಹಚ್ಚಿದರೆ ಆರಾಗುತ್ತದೆ. ಈ ವರ್ಷ ಹಿಮವೂ ಸರಿಯಾಗಿ ಬಿದ್ದಿಲ್ಲ, ಊಟೆ ಸಣ್ಣಗಾಗಿದೆ. ಆರು ಒಲೆಗೆ ನೀರು ಸಾಲುವುದಿಲ್ಲ, ಸುಳ್ಳಲ್ಲ. ಹಾಜಿ ಹೇಳುತ್ತಾನೆ, ನೊಸ್ರತ್ ಮತ್ತೆ ಬೋರಲು ಹಾಕಲಿ ಎಂದು. ನೊಸ್ರತ್ ಹೇಳುತ್ತಾಳೆ, "ಊರ ಮುಂದೆ ಹಕ್ಕಿದೆ ಅಂದ್ರಲ್ಲ ಮಶ್ದಿ. ಕ್ರಮೇಣ ಕಡಿಮೆ ಮಾಡ್ತೀವಿ ಅಂದ್ರಲ್ಲ. ಈಗ ಬಂದಿದೆ ಕ್ರಮೇಣ. ನಿಮ್ಮ ಐದು ಒಲೇಲಿ ಒಂದನ್ನ ನಂದಿಸಿ." ಆ ಒಂದು ಯಾವುದು ಅಂದರೆ ನಾಲ್ಕು ಮನೆಯವರೂ ಸೀಲು ಬಿದ್ದ ನನ್ನ ಹಂಡೆ ನೋಡುತ್ತಾರೆ. ಹೇಗಿದ್ದರೂ ಅದು ತಣ್ಣಗಿದೆ ಅನ್ನುತ್ತಾರೆ. ಹಚ್ಚಿದರೆ ಕೊಟ್ಟ ಮಾತು ಹೋಯಿತು, ಕೇರಿಯ ನೀರೂ ಹೋಯಿತು. ಹಚ್ಚದಿದ್ದರೆ ನನ್ನ ಅಜ್ಜನ ಒಲೆ ಹೋಯಿತು. ಅವಳು ಹೇಳುವುದೂ ಸರಿ, ಹಾಜಿಯ ಭಯವೂ ಸುಳ್ಳಲ್ಲ. ತಲೆ ಮೊಸರು ಗಡಿಗೆಯಾಗಿದೆ. ಗೋಲಂದಾಂಳನ್ನು ಕೇಳಿದರೆ, "ಬಾಯಿ ಮುಚ್ಕೊಂಡು ಯೋಚ್ನೆ ಮಾಡು, ಬಾಯಿ ತೆರೆದು ಯೋಚ್ನೆ ಮಾಡಿದ್ದಕ್ಕೇ ಇಷ್ಟಾಗಿದ್ದು," ಅನ್ನುತ್ತಾಳೆ.

ಅದಕ್ಕೇ ನಿಮ್ಮನ್ನು ಬಸ್ಸಿನಿಂದ ಇಳಿಸಿ ಕರೆತಂದದ್ದು. ನೀವು ಹಿಂದೂಸ್ತಾನದವರಲ್ಲವೇ? ಚಹಾದಂಗಡಿಯಲ್ಲಿ ಕೇಳಿದ್ದೇನೆ. ನಿಮ್ಮವರು ಬಾಂಬಿನ ಆ ಕಟ್ಟಳೆಗೆ ಸಹಿಯನ್ನೇ ಹಾಕಲಿಲ್ಲವಂತೆ. ಯಾರನ್ನೂ ಕೇಳದೆ ಒಲೆ ಹಚ್ಚಿದರಂತೆ. ಮೊದಲು ದೊಡ್ಡವರೆಲ್ಲ ಮುಖ ಊದಿಸಿಕೊಂಡರಂತೆ, ಆಮೇಲೆ ಅವರೇ ಕರೆದು ಪಕ್ಕದಲ್ಲಿ ಕೂರಿಸಿ ಊಟ ಹಾಕಿದರಂತೆ. ನಮ್ಮವರು ಸಹಿ ಹಾಕಿದರು, ಹಚ್ಚಿಲ್ಲ ಅನ್ನುತ್ತಾರೆ, ನಿಜವೋ ಸುಳ್ಳೋ ಆ ಬೆಟ್ಟವನ್ನೇ ಕೇಳಬೇಕು. ಬಿಳಿ ಕಾರು ಮಾತ್ರ ನಮ್ಮ ಬಾಗಿಲಿಗೇ. ಅದು ಹೇಗೆ ಆಯಿತು ಸ್ವಾಮಿ? ಆ ದೊಡ್ಡವರ ಮುಂದೆ ನಿಮ್ಮವರು ಯಾವ ಮಾತು ಆಡಿದರು? ಆ ಮಾತು ನನಗೊಂದು ಸಲ ಹೇಳಿಕೊಡಿ, ನಾಳೆ ನಾನು ಹಾಜಿಯ ಮುಂದೆಯೂ ನೊಸ್ರತ್ ಮುಂದೆಯೂ ಆಡಬೇಕು.

ಹೊರಗೆ ಬಸ್ಸಿನವನು ಹಾರನ್ ಹೊಡೆಯುತ್ತಿದ್ದಾನೆ, ಹೊಡೆಯಲಿ ಬಿಡಿ. ನಿಮ್ಮ ಬೂಟುಗಳು ಬಾಗಿಲಲ್ಲಿ ಇಲ್ಲ. ಗೋಲಂದಾಂ ಒಳಗಿಟ್ಟು ಬೀಗ ಹಾಕಿದ್ದಾಳೆ. ಹೂಂ, ಹೇಳಿ.